ಮೊದಲು ಮುನಿಸು, ಆಮೇಲೆ ಒಲವು

ಮೆಚ್ಚಿನ ರಾಕ್ ತಂಡ ಇದ್ದಕ್ಕಿದ್ದಂತೆ ತನ್ನ ಧಾಟಿಯನ್ನೇ ಬದಲಿಸಿಬಿಟ್ಟರೆ ಅಭಿಮಾನಿ ಏನು ಮಾಡಬೇಕು? ಬಿಟ್ಟು ನಡೆಯಬೇಕೇ, ಕಾಯಬೇಕೇ? ರೇಡಿಯೊಹೆಡ್ ತಂಡದ 'ಕಿಡ್ ಎ' ಆಲ್ಬಮ್ಮಿನ ಕಥೆಯಲ್ಲಿ ಈ ಪ್ರಶ್ನೆಗೆ ಸ್ವಾರಸ್ಯಕರ ಉತ್ತರವಿದೆ.

ಮೂರು ವರ್ಷ ಕಾದು, ಕೈಖರ್ಚಿನ ಹಣ ಉಳಿಸಿ ಕೊಂಡು ತಂದ ಹೊಸ ಸಿ.ಡಿ.ಯಲ್ಲಿ ಬೇಕಾದದ್ದೇ ಇಲ್ಲದಿದ್ದರೆ ಹೇಗಾದೀತು? ಹೋಳಿಗೆ ಊಟವೆಂದು ಹೋದವನ ಎಲೆಗೆ ಹೆಸರೇ ತಿಳಿಯದ ಪದಾರ್ಥ ಬಡಿಸಿದಂತಾದೀತು. 2000ದ ಅಕ್ಟೋಬರ್ ಮೊದಲ ವಾರದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಅಸಂಖ್ಯ ಹುಡುಗ ಹುಡುಗಿಯರ ಪಾಡು ಹೀಗೇ ಆಗಿತ್ತು. ಅವರು ಕಾದು ಕುಳಿತಿದ್ದು ರೇಡಿಯೊಹೆಡ್ ಎಂಬ ತಂಡದ ನಾಲ್ಕನೆಯ ಆಲ್ಬಮ್ಮಿಗಾಗಿ. ಅದರ ಹೆಸರು 'ಕಿಡ್ ಎ'.

ಗಿಟಾರಿನ ಅಬ್ಬರಕ್ಕೆ, ಎದೆ ಬಿರಿಯುವಂತೆ ಏರುವ ಗಾಯನಕ್ಕೆ ಹೆಸರಾಗಿದ್ದ ತಂಡ ಅದು. ಹೊಸ ಆಲ್ಬಮ್ಮಿನ ಮೊದಲ ಹಾಡು ಶುರುವಾಗುವುದೇ ವಿದ್ಯುನ್ಮಾನ ಕೀಬೋರ್ಡಿನಿಂದ. ಅದರ ಮೇಲೆ ಗಾಯಕನ ದನಿ ತುಂಡು ತುಂಡಾಗಿ, ಹಿಂದುಮುಂದಾಗಿ ತೇಲಿಬರುತ್ತದೆ. ಎರಡನೆಯ ಹಾಡಿನಲ್ಲಿ ಅದೇ ದನಿಯನ್ನು ಯಂತ್ರದ ಬಾಯಿಗೆ ಕೊಟ್ಟು ಗುರುತೇ ಸಿಗದಂತೆ ಮಾಡಲಾಗಿದೆ. ಐದನೆಯದರಲ್ಲಿ ಮಾತೂ ಇಲ್ಲ, ತಾಳವೂ ಇಲ್ಲ; ಬರಿಯ ನಾದದ ಮೋಡ. 'ಸಿ.ಡಿ. ಏನಾದರೂ ಕೆಟ್ಟಿದೆಯೇ?' ಎಂದು ಯಾರಾದರೂ ತಿರುಗಿಸಿ ನೋಡಿದ್ದರೆ ಅವರನ್ನು ದೂರುವಂತಿರಲಿಲ್ಲ.

ಅಂದು ಮುಖ ಸಿಂಡರಿಸಿಕೊಂಡವರಲ್ಲಿ ಎಷ್ಟೋ ಮಂದಿ ಮುಂದೆ ಇದೇ ಆಲ್ಬಮ್ಮನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅದು ಒಂದು ದಿನದಲ್ಲಿ ಆದ ಪವಾಡವಲ್ಲ. ವಾರಗಳು, ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿದವು. ಕಿವಿಗೆ ಒಗ್ಗದ್ದು ಮನಸ್ಸಿಗೆ ಹತ್ತಿರವಾಗುವ ಆ ನಿಧಾನದ ಹಾದಿ ಯಾವುದು?

ಶುಕ್ರವಾರದ ಹುಡುಗರು

ಕಥೆ ಶುರುವಾಗುವುದು ಶಾಲೆಯೊಂದರ ಸಂಗೀತದ ಕೊಠಡಿಯಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿ ಅಬಿಂಗ್ಡನ್ ಎಂಬ ಊರಿದೆ. ಅಲ್ಲಿನ ಶಾಲೆಯಲ್ಲಿ ಓದುತ್ತಿದ್ದ ಐವರು ಹುಡುಗರು 1985ರಲ್ಲಿ ಸೇರಿ ಒಂದು ತಂಡ ಕಟ್ಟಿಕೊಂಡರು. ಟಾಮ್ ಯಾರ್ಕ್ ಹಾಡುಗಾರ. ಕಾಲಿನ್ ಗ್ರೀನ್‌ವುಡ್ ಬೇಸ್ ಗಿಟಾರ್, ಎಡ್ ಓಬ್ರಯನ್ ಗಿಟಾರ್, ಫಿಲ್ ಸೆಲ್ವೆ ಡ್ರಮ್ಸ್. ಎಲ್ಲರಿಗಿಂತ ಚಿಕ್ಕವನು ಕಾಲಿನ್‌ನ ತಮ್ಮ ಜಾನಿ. ಅಭ್ಯಾಸ ನಡೆಯುತ್ತಿದ್ದುದು ಶುಕ್ರವಾರ. ಹಾಗಾಗಿ ತಂಡಕ್ಕೆ ಇಟ್ಟುಕೊಂಡ ಹೆಸರು 'ಆನ್ ಎ ಫ್ರೈಡೆ'.

ಓದನ್ನು ಅರ್ಧಕ್ಕೆ ಬಿಟ್ಟು ಗಿಟಾರ್ ಹಿಡಿದು ಊರು ಬಿಟ್ಟವರ ಕಥೆಗಳು ರಾಕ್ ಸಂಗೀತದಲ್ಲಿ ಬೇಕಾದಷ್ಟಿವೆ. ಇವರು ಹಾಗೆ ಮಾಡಲಿಲ್ಲ. ಶಾಲೆ ಮುಗಿದ ಮೇಲೆ ದೊಡ್ಡವರು ನಾಲ್ವರೂ ಬೇರೆ ಬೇರೆ ಊರುಗಳಿಗೆ ಉನ್ನತ ವ್ಯಾಸಂಗಕ್ಕೆ ಹೋದರು. ಯಾರ್ಕ್ ಎಕ್ಸೆಟರ್‌ಗೆ, ಕಾಲಿನ್ ಕೇಂಬ್ರಿಜ್‌ಗೆ, ಓಬ್ರಯನ್ ಮ್ಯಾಂಚೆಸ್ಟರ್‌ಗೆ, ಸೆಲ್ವೆ ಲಿವರ್‌ಪೂಲ್‌ಗೆ. ರಜೆಯಲ್ಲಿ, ವಾರದ ಕೊನೆಯಲ್ಲಿ ಊರಿಗೆ ಬಂದು ಅಭ್ಯಾಸ ಮುಂದುವರಿಸಿದರು. ಓದು ಮುಗಿಸಿ ಬಂದ ಮೇಲೆ, 1991ರಲ್ಲಿ, ಇ.ಎಂ.ಐ. ಕಂಪನಿಯೊಡನೆ ಒಪ್ಪಂದವಾಯಿತು. ಕಾಲೇಜಿಗೆ ಆಗಷ್ಟೇ ಸೇರಿದ್ದ ಜಾನಿ ಮಾತ್ರ ಅದನ್ನು ಬಿಡಬೇಕಾಯಿತು. ತಂಡದ ಹೆಸರೂ ಬದಲಾಗಿ 'ರೇಡಿಯೊಹೆಡ್' ಆಯಿತು.

1992ರಲ್ಲಿ ಬಂದ 'ಕ್ರೀಪ್' ಎಂಬ ಹಾಡು ಮೊದಲು ಯಾರ ಕಣ್ಣಿಗೂ ಬೀಳಲಿಲ್ಲ. ಮರುವರ್ಷ ಅದೇ ಹಾಡು ಲೋಕದೆಲ್ಲೆಡೆ ಮೊಳಗಿತು. 1995ರ 'ದ ಬೆಂಡ್ಸ್' ಆಲ್ಬಮ್, 'ಇವರು ಒಂದೇ ಹಾಡಿನ ತಂಡವಲ್ಲ' ಎಂಬುದನ್ನು ಸಾಬೀತುಪಡಿಸಿತು. 1997ರ 'ಓಕೆ ಕಂಪ್ಯೂಟರ್' ಬಂದಾಗಲಂತೂ ವಿಮರ್ಶಕರು ಹೊಗಳಿಕೆಗೆ ಪದ ಹುಡುಕುವಂತಾಯಿತು. ಗಿಟಾರ್ ಸಂಗೀತದ ಭವಿಷ್ಯ ಈ ಐವರ ಕೈಯಲ್ಲಿದೆ ಎಂದೇ ಬಹಳ ಮಂದಿ ನಂಬಿದರು.

ಗೆಲುವೇ ಹೊರೆಯಾದಾಗ

ಆದರೆ ಗೆದ್ದವರ ಮನಸ್ಸು ಬೇರೆಯೇ ದಾರಿ ಹಿಡಿದಿತ್ತು. 'ಓಕೆ ಕಂಪ್ಯೂಟರ್' ಬಂದ ಮೇಲೆ ತಿಂಗಳುಗಟ್ಟಲೆ ದೇಶದಿಂದ ದೇಶಕ್ಕೆ ತಿರುಗಾಟ. ಪ್ರತಿ ಊರಿನಲ್ಲೂ ಅದೇ ಹಾಡು, ಅದೇ ಸಂದರ್ಶನ, ಅದೇ ಪ್ರಶ್ನೆ. ಆ ದಿನಗಳನ್ನು ಗ್ರಾಂಟ್ ಗೀ ಎಂಬ ನಿರ್ದೇಶಕ 1998ರಲ್ಲಿ ಸಾಕ್ಷ್ಯಚಿತ್ರವಾಗಿಸಿದ್ದಾರೆ. ನೋಡಿದವರಿಗೆ ಅದರಲ್ಲಿ ಕಾಣುವುದು ವಿಜಯೋತ್ಸವವಲ್ಲ, ದಣಿದ ಮುಖಗಳು.

ಊರಿಗೆ ಮರಳಿದ ಯಾರ್ಕ್ ಖಿನ್ನತೆಗೆ ಜಾರಿದರು. ಹಾಡು ಬರೆಯಲು ಕೂತರೆ ಮುಂದೆ ಸಾಗುತ್ತಿರಲಿಲ್ಲ. ಗಿಟಾರ್ ಕೈಗೆತ್ತಿಕೊಂಡರೆ ಹಳೆಯ ರಾಗವೇ ಬೆರಳಿಗೆ ಬರುತ್ತಿತ್ತು. ಅಷ್ಟರಲ್ಲಿ ಅವರದೇ ಧಾಟಿಯನ್ನು ಅನುಕರಿಸುವ ಹಲವು ತಂಡಗಳೂ ಹುಟ್ಟಿಕೊಂಡಿದ್ದವು. ಯಾರ್ಕ್ ಪಿಯಾನೋ ಒಂದನ್ನು ಕೊಂಡು ತಂದರು. ಅದನ್ನು ನುಡಿಸುವುದು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಬಾರದಿದ್ದುದೇ ಒಳ್ಳೆಯದಾಯಿತು! ಬೆರಳಿಗೆ ಹಳೆಯ ಅಭ್ಯಾಸವಿಲ್ಲದ ವಾದ್ಯದಿಂದ ಹೊಸ ಹಾಡು ಹುಟ್ಟಿತು. 'ಕಿಡ್ ಎ'ಯ ಮೊದಲ ಹಾಡು ಹೊರಬಂದದ್ದು ಆ ಪಿಯಾನೋದಿಂದಲೇ. ಮುಂದೆ ಅದನ್ನು ಸಿಂಥಸೈಜರ್‌ಗೆ ವರ್ಗಾಯಿಸಲಾಯಿತು. ಇದೇ ವೇಳೆ ಏಫೆಕ್ಸ್ ಟ್ವಿನ್, ಆಟೆಕರ್ ಮುಂತಾದವರ ವಿದ್ಯುನ್ಮಾನ ಸಂಗೀತವನ್ನು ಯಾರ್ಕ್ ಹಗಲಿರುಳು ಕೇಳತೊಡಗಿದ್ದರು. ಅದರಲ್ಲಿ ಹಾಡುಗಾರನ ಮುಖವೇ ಇರಲಿಲ್ಲ. ಪ್ರಸಿದ್ಧಿಯಿಂದ ಬೇಸತ್ತ ಅವರಿಗೆ ಅದು ಹಿತವೆನಿಸಿತು.

ಉಳಿದ ನಾಲ್ವರ ಗತಿ? ಮೂವರು ಗಿಟಾರ್ ವಾದಕರಿರುವ ತಂಡಕ್ಕೆ ಗಿಟಾರ್ ಬೇಡವೆಂದರೆ, ಡ್ರಮ್ಸ್ ಬಾರಿಸುವವನ ಎದುರು ತಾಳದ ಯಂತ್ರ ತಂದಿಟ್ಟರೆ ಅವರೆಲ್ಲ ಏನು ಮಾಡಬೇಕು? 1999ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಧ್ವನಿಮುದ್ರಣ ಕೋಪನ್‌ಹೇಗನ್, ಗ್ಲಾಸ್ಟರ್‌ಷೈರ್‌ಗಳನ್ನು ಸುತ್ತಿ ಆಕ್ಸ್‌ಫರ್ಡ್ ಬಳಿಯ ತಮ್ಮದೇ ಸ್ಟುಡಿಯೋಗೆ ಬಂದು ನಿಂತಿತು. ಅರ್ಧಂಬರ್ಧ ತುಣುಕುಗಳ ರಾಶಿ ಬೆಳೆಯಿತೇ ಹೊರತು ಹಾಡು ಮುಗಿಯುತ್ತಿರಲಿಲ್ಲ. ತಂಡ ಒಡೆಯುವ ಮಾತೂ ಬಂದಿತ್ತು. ನಿರ್ಮಾಪಕ ನೈಜಲ್ ಗಾಡ್ರಿಚ್ ಒಂದು ಹಂತದಲ್ಲಿ ತಂಡವನ್ನು ಎರಡು ಗುಂಪು ಮಾಡಿ ಬೇರೆ ಬೇರೆ ಕೋಣೆಗೆ ಕಳುಹಿಸಿ ಕೆಲಸ ಹಚ್ಚಿದರು. ನಿಧಾನವಾಗಿ ಒಬ್ಬೊಬ್ಬರೂ ಹೊಸ ಜಾಗ ಕಂಡುಕೊಂಡರು. ತನ್ನ ವಾದ್ಯ ಮೊಳಗದ ಹಾಡೂ ತನ್ನದೇ ಎಂದು ಒಪ್ಪಿಕೊಳ್ಳುವುದನ್ನು ಕಲಿತರು. ಹಾಗೆ ನೋಡಿದರೆ 'ಕಿಡ್ ಎ'ಯನ್ನು ನಿಧಾನವಾಗಿ ಒಪ್ಪಿಕೊಂಡ ಮೊದಲಿಗರು ಆ ತಂಡದವರೇ!

ಬಿರುಸಿನ ಟೀಕೆ

ಆಲ್ಬಮ್ ಹೊರಬಂದ ರೀತಿಯೂ ವಿಚಿತ್ರವೇ. ಪ್ರಚಾರಕ್ಕೆಂದು ಬಿಡಿ ಹಾಡೊಂದನ್ನು ಮೊದಲು ಬಿಡುಗಡೆ ಮಾಡುವ ಪದ್ಧತಿಯನ್ನು ಕೈಬಿಟ್ಟರು. ಟೀವಿಗೆಂದು ವಾಡಿಕೆಯ ವಿಡಿಯೋ ಮಾಡಲಿಲ್ಲ. ಕೆಲವೇ ಸೆಕೆಂಡುಗಳ ಚಿತ್ರತುಣುಕುಗಳಷ್ಟೇ. ಸಂದರ್ಶನಗಳೂ ಬೆರಳೆಣಿಕೆಯಷ್ಟು. ಆದರೂ ಬಿಡುಗಡೆಯಾದ ವಾರವೇ 'ಕಿಡ್ ಎ' ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯ ತುದಿಗೇರಿತು. ಅಮೆರಿಕದಲ್ಲಿ ತಂಡಕ್ಕೆ ಮೊದಲ ಸ್ಥಾನ ದಕ್ಕಿದ್ದು ಅದೇ ಮೊದಲು. ಜನ ಕೊಂಡರು ನಿಜ. ಆದರೆ ಕೊಂಡವರೆಲ್ಲ ಮೆಚ್ಚಿದರೆ?

ಇಲ್ಲ. ಬ್ರಿಟನ್ನಿನ 'ಮೆಲೊಡಿ ಮೇಕರ್' ವಾರಪತ್ರಿಕೆ ಐದಕ್ಕೆ ಬರೀ ಒಂದೂವರೆ ಅಂಕ ಕೊಟ್ಟು ಕೈತೊಳೆದುಕೊಂಡಿತು. 'ಹೈ ಫಿಡೆಲಿಟಿ' ಎಂಬ, ಸಂಗೀತದ ಹುಚ್ಚಿನವರ ಕುರಿತ ಕಾದಂಬರಿಯಿಂದ ಹೆಸರಾದ ನಿಕ್ ಹಾರ್ನ್‌ಬಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ತಮ್ಮ ನಿರಾಸೆಯನ್ನು ಬರೆದುಕೊಂಡರು. ಅವರ ವಾದದ ತಿರುಳು ಇಷ್ಟು: ಇಂಥ ಆಲ್ಬಮ್ಮಿಗೆ ರಾತ್ರಿ ರಾತ್ರಿ ಕೂತು ಕೇಳುವ ತಾಳ್ಮೆ ಬೇಕು, ಸಂಬಳಕ್ಕೆ ದುಡಿಯುವವರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಅದೇನಿದ್ದರೂ ಹದಿಹರೆಯದವರಿಗೆ ಸಾಧ್ಯವಾಗುವ ಮಾತು.

ಆ ಮಾತಿನಲ್ಲಿ ಟೀಕೆಯಷ್ಟೇ ಸತ್ಯವೂ ಇತ್ತು. 2000ದಲ್ಲಿ ಹದಿನಾರರ ಹುಡುಗನ ಬಳಿ ಇದ್ದ ಸಿ.ಡಿ.ಗಳೇ ಹತ್ತೋ ಇಪ್ಪತ್ತೋ. ಹಣ ಕೊಟ್ಟು ತಂದದ್ದನ್ನು ಒಂದೇ ಸಲ ಕೇಳಿ ಮೂಲೆಗೆಸೆಯಲು ಮನಸ್ಸು ಬರುತ್ತದೆಯೇ? ಹಿಡಿಸದಿದ್ದರೂ ಮತ್ತೆ ಮತ್ತೆ ಕೇಳುತ್ತಾನೆ. ಒಂದು ರಾತ್ರಿ, ಎಂಟನೆಯದೋ ಹತ್ತನೆಯದೋ ಸಲ, ಯಾವುದೋ ಒಂದು ಸ್ವರ ತಟ್ಟನೆ ಮನಸ್ಸಿಗೆ ನಾಟುತ್ತದೆ. ಒಲವಿನ ಬೀಜ ಬಿತ್ತನೆಯಾಗುವುದು ಅಲ್ಲಿಯೇ.

ಕಿವಿ ಕಲಿಯುವ ಬಗೆ

ಮನಶ್ಶಾಸ್ತ್ರ ಇದಕ್ಕೆ ಏನನ್ನುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಅರ್ಥವಿಲ್ಲದ ಪದಗಳು, ಚೀನೀ ಲಿಪಿಯನ್ನು ಹೋಲುವ ಅಕ್ಷರಗಳು, ಅಪರಿಚಿತರ ಭಾವಚಿತ್ರಗಳನ್ನು ಜನರಿಗೆ ಅವರು ತೋರಿಸಿದ್ದರು. ಹೆಚ್ಚು ಸಲ ಕಂಡದ್ದೇ ಹೆಚ್ಚು ಹಿತವೆನಿಸುತ್ತದೆ ಎಂಬುದು ಅವರ ತೀರ್ಮಾನ. ಬಳಕೆಯಿಂದಲೇ ಒಲವು ಹುಟ್ಟಬಲ್ಲದು ಎಂದಾಯಿತು.

ಹಾಗಿದ್ದರೆ ಯಾವ ಹಾಡನ್ನಾದರೂ ನೂರು ಸಲ ಕೇಳಿದರೆ ಮೆಚ್ಚುಗೆಯಾಗಬೇಕಲ್ಲ? ಹಾಗಾಗುವುದಿಲ್ಲ. ಡೇನಿಯಲ್ ಬರ್ಲೈನ್ ಎಂಬ ಮತ್ತೊಬ್ಬ ಮನಶ್ಶಾಸ್ತ್ರಜ್ಞರ ವಿವರಣೆ ಇಲ್ಲಿ ನೆರವಿಗೆ ಬರುತ್ತದೆ. ತೀರಾ ಸರಳವಾದದ್ದು ಬೇಗ ಬೇಸರ ತರಿಸುತ್ತದೆ, ತೀರಾ ಜಟಿಲವಾದದ್ದು ದಿಕ್ಕು ತಪ್ಪಿಸುತ್ತದೆ, ನಡುವಿನದು ಹಿತ. ಕೇಳುತ್ತಾ ಹೋದಂತೆ ಜಟಿಲವಾದದ್ದು ಒಂದೊಂದೇ ಗಂಟು ಬಿಚ್ಚಿಕೊಂಡು ನಡುವಿಗೆ ಸರಿಯುತ್ತದೆ. ಸರಳವಾದದ್ದು ಅಷ್ಟರಲ್ಲಿ ಸಪ್ಪೆಯಾಗಿರುತ್ತದೆ. ಮೊದಲ ಸಲವೇ ಗುನುಗುವಂತೆ ಮಾಡಿದ ಹಾಡು ತಿಂಗಳೊಳಗೆ ಹಳಸಲು, ಕಾಡಿಸಿದ ಹಾಡು ಹತ್ತು ವರ್ಷ ಜೊತೆಗಿರಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ನಿರೀಕ್ಷೆಯದು. ಸಂಗೀತದ ಭಾವವೆಲ್ಲ ನಿರೀಕ್ಷೆಯ ಆಟ ಎಂದು ಲಿಯೊನಾರ್ಡ್ ಮೇಯರ್ 1956ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ಮುಂದೇನು ಬರುತ್ತದೆಂದು ಮನಸ್ಸು ಊಹಿಸುತ್ತಿರುತ್ತದೆ. ಊಹೆ ನಿಜವಾದಾಗ, ತಡವಾದಾಗ, ಸುಳ್ಳಾದಾಗ ಭಾವ ಉಕ್ಕುತ್ತದೆ. ಮೆಚ್ಚಿನ ತಂಡದ ವಿಷಯದಲ್ಲಿ ಅಭಿಮಾನಿಯ ನಿರೀಕ್ಷೆ ಹಾಡಿಗೂ ಮೊದಲೇ ಶುರುವಾಗಿರುತ್ತದೆ. ಹಾಗಾಗಿ ಮೊದಲ ಸಲ ಅವನ ಕಿವಿಗೆ ಬೀಳುವುದು ಅಲ್ಲಿರುವ ಸ್ವರವಲ್ಲ, ಅಲ್ಲಿಲ್ಲದ ಸ್ವರ. 'ಗಿಟಾರ್ ಎಲ್ಲಿ?' ಎಂಬ ಕೂಗು ಅಡಗಿದ ಮೇಲೆಯೇ ಉಳಿದದ್ದು ಕೇಳಿಸತೊಡಗುವುದು.

ಕೇಳಿಸತೊಡಗಿದಾಗ ಏನೆಲ್ಲ ಇತ್ತು ಅಲ್ಲಿ! 'ಮಾರ್ನಿಂಗ್ ಬೆಲ್' ಹಾಡು ಸಾಮಾನ್ಯ ರಾಕ್ ಹಾಡಿನಂತೆ ನಾಲ್ಕು ಎಣಿಕೆಯಲ್ಲಿ ನಡೆಯುವುದಿಲ್ಲ, ಐದರಲ್ಲಿ ನಡೆಯುತ್ತದೆ. ಖಂಡ ಚಾಪು ಬಲ್ಲ ಕನ್ನಡದ ಕಿವಿಗೆ ಇದು ಅಪರಿಚಿತವೇನಲ್ಲ. ಪಾಶ್ಚಾತ್ಯ ರಾಕ್ ಕೇಳುಗನಿಗೆ ಒಂದು ಹೆಜ್ಜೆ ತಪ್ಪಿದ ಅನುಭವ. 'ಹೌ ಟು ಡಿಸಪಿಯರ್ ಕಂಪ್ಲೀಟ್ಲಿ' ಹಾಡಿನಲ್ಲಿ ಅಳುವಂತೆ ತೇಲುವ ನಾದವೊಂದಿದೆ. ಅದು ಓಂದ್ ಮಾರ್ತನೊ ಎಂಬ ವಾದ್ಯದ್ದು. ಮೊರೀಸ್ ಮಾರ್ತನೊ ಎಂಬ ಫ್ರೆಂಚ್ ಸಂಗೀತಗಾರ 1928ರಲ್ಲಿ ಲೋಕಕ್ಕೆ ಪರಿಚಯಿಸಿದ ವಿದ್ಯುತ್ ವಾದ್ಯವದು. ಜಾನಿ ಗ್ರೀನ್‌ವುಡ್ ಅದರ ನಾದಕ್ಕೆ ಮರುಳಾದದ್ದು ಶಾಲಾದಿನಗಳಲ್ಲಿ, ಒಲಿವಿಯೆ ಮೆಸಿಯಾಂ ಅವರ ಕೃತಿಯೊಂದನ್ನು ಕೇಳಿ. ಅದೇ ಹಾಡಿನ ತಂತಿವಾದ್ಯಗಳನ್ನು ಮುದ್ರಿಸಿಕೊಂಡದ್ದು ಆಕ್ಸ್‌ಫರ್ಡ್ ಸೀಮೆಯ ಹಳೆಯ ಇಗರ್ಜಿಯೊಂದರಲ್ಲಿ.

'ಇಡಿಯೊಟೆಕ್' ಹಾಡಿನ ಬುಡದಲ್ಲಿರುವ ನಾಲ್ಕು ಸ್ವರಮೇಳಗಳ ಕಥೆ ಇನ್ನೂ ಸ್ವಾರಸ್ಯದ್ದು. ಅವು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪಾಲ್ ಲ್ಯಾನ್ಸ್ಕಿ 1973ರಲ್ಲಿ ಐ.ಬಿ.ಎಂ. ಕಂಪ್ಯೂಟರಿನಲ್ಲಿ ರಚಿಸಿದ ಕೃತಿಯ ತುಣುಕು. ವಿದ್ಯಾರ್ಥಿದೆಸೆಯ ಹಳೆಯ ಪ್ರಯೋಗವೊಂದು ಕಾಲು ಶತಮಾನದ ನಂತರ ಸಾವಿರಾರು ಯುವಕರನ್ನು ಕುಣಿಸಿತು. ಅಂದ ಹಾಗೆ, ಮಾತೂ ತಾಳವೂ ಇಲ್ಲದ ಐದನೆಯ ತುಣುಕು 'ಟ್ರೀಫಿಂಗರ್ಸ್' ತಯಾರಾದದ್ದು ಓಬ್ರಯನ್ ನುಡಿಸಿದ ಗಿಟಾರ್ ನಾದವನ್ನೇ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕರಗಿಸಿ. ಅಭಿಮಾನಿಗಳು ಹುಡುಕುತ್ತಿದ್ದ ಗಿಟಾರ್ ಅಲ್ಲೇ ವೇಷ ಮರೆಸಿಕೊಂಡು ಕೂತಿತ್ತು!

ಸಭಾಂಗಣದಲ್ಲಿ ಇನ್ನೊಂದು ಬಗೆಯ ಕಲಿಕೆ ನಡೆದಿತ್ತು. ಆಲ್ಬಮ್ ಬರುವ ಮೊದಲೇ, 2000ದ ಬೇಸಿಗೆಯಲ್ಲಿ, ತಂಡ ಬಾರ್ಸಿಲೋನಾದಲ್ಲಿ ಹೊಸ ಹಾಡುಗಳನ್ನು ನುಡಿಸಿತು. ಯಾರೋ ಮುದ್ರಿಸಿಕೊಂಡದ್ದು ನ್ಯಾಪ್‌ಸ್ಟರ್ ಮೂಲಕ ಕೈಯಿಂದ ಕೈಗೆ ಹರಡಿತು. ಕೆಲವೇ ವಾರಗಳಲ್ಲಿ ಇಸ್ರೇಲಿನ ವೇದಿಕೆ ಏರಿದಾಗ, ಇನ್ನೂ ಬಿಡುಗಡೆಯೇ ಆಗದ ಹಾಡುಗಳ ಮಾತುಗಳು ಅಲ್ಲಿನ ಪ್ರೇಕ್ಷಕರಿಗೆ ಬಾಯಿಪಾಠವಾಗಿದ್ದವು. ಅದನ್ನು ಕಂಡು ಕಾಲಿನ್ ಗ್ರೀನ್‌ವುಡ್ ಹಿಗ್ಗಿದ್ದರು. ಆಲ್ಬಮ್ಮಿನಲ್ಲಿ ತಣ್ಣಗೆ, ಯಾಂತ್ರಿಕವಾಗಿ ಕಂಡ ಹಾಡಿಗೆ ವೇದಿಕೆಯಲ್ಲಿ ಮೈ ಬೆವರುತ್ತಿತ್ತು. ಎಷ್ಟೋ ಕೇಳುಗರಿಗೆ ಬಾಗಿಲು ತೆರೆದದ್ದು ಅಲ್ಲಿ.

428ರಿಂದ 20ಕ್ಕೆ

ಒಲವು ನಿಧಾನವಾಗಿ ಬೆಳೆದದ್ದಕ್ಕೆ ಪುರಾವೆ ಬೇಕೆ? ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್‌ಗಳ ಪಟ್ಟಿಯನ್ನು ಆಗಾಗ ಪ್ರಕಟಿಸುತ್ತದೆ. 2003ರ ಪಟ್ಟಿಯಲ್ಲಿ 'ಕಿಡ್ ಎ' 428ನೆಯ ಸ್ಥಾನದಲ್ಲಿತ್ತು. 2012ರಲ್ಲಿ 67ಕ್ಕೆ ಏರಿತು. 2020ರಲ್ಲಿ 20ಕ್ಕೆ ಬಂದು ನಿಂತಿತು. ಈ ನಡುವೆ ಅದೇ ಪತ್ರಿಕೆ, ಹೊಸ ಶತಮಾನದ ಮೊದಲ ದಶಕದ ಅತ್ಯುತ್ತಮ ಆಲ್ಬಮ್ ಎಂದೂ ಅದನ್ನು ಆರಿಸಿತು. ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಕೇಳುವ ಕಿವಿ.

ಇಂಥದ್ದು ಇದೇ ಮೊದಲೇನಲ್ಲ. 1965ರ ಜುಲೈ 25ರಂದು ಬಾಬ್ ಡಿಲನ್ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭೆಯಲ್ಲಿ ಗದ್ದಲವೆದ್ದಿತ್ತು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಕೇಳುಗನೊಬ್ಬ ಅವರನ್ನು 'ಜೂದಾಸ್' ಎಂದು ಕೂಗಿ ಕರೆದ. ಏಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರದು. ಒಂದು ಗಿಟಾರ್ ಬದಲಾದದ್ದಕ್ಕೆ ಅಷ್ಟು ದೊಡ್ಡ ಮಾತು! ಇಂದು ಅದೇ ಹಾಡುಗಳು ಡಿಲನ್ ಅವರ ಅತ್ಯುತ್ತಮ ಕೃತಿಗಳ ಸಾಲಿನಲ್ಲಿವೆ.

ಬದಲಾದದ್ದೆಲ್ಲ ಒಳ್ಳೆಯದೇ ಎಂದಲ್ಲ. ಹೊಸ ದಾರಿ ಹಿಡಿದು ಎಡವಿದ ತಂಡಗಳೂ ಬಹಳಷ್ಟಿವೆ. ಕಾಲ ಎಲ್ಲವನ್ನೂ ಮೇಲೆತ್ತುವುದಿಲ್ಲ. ಇಂದಿಗೂ 'ದ ಬೆಂಡ್ಸ್' ಕಾಲದ ರೇಡಿಯೊಹೆಡ್ಡೇ ಸಾಕು ಎನ್ನುವ ಅಭಿಮಾನಿಗಳಿದ್ದಾರೆ. ಅವರ ರುಚಿಯಲ್ಲಿ ದೋಷವೇನಿಲ್ಲ. ಎರಡು ಸಲ ಕೇಳಿ ಬೇಡವೆಂದವನಿಗೂ ಇಪ್ಪತ್ತು ಸಲ ಕೇಳಿ ಬೇಡವೆಂದವನಿಗೂ ವ್ಯತ್ಯಾಸವಿದೆ, ಅಷ್ಟೆ.

ಮನೆಯೊಳಗಿನ ಮಾತು

ಈ ಕಥೆಯಲ್ಲಿ ಅಪ್ಪ ಅಮ್ಮಂದಿರಿಗೂ ಒಂದು ಪಾಲಿದೆ. ಹರೆಯದಲ್ಲಿ ಕೇಳಿದ ಹಾಡು ಬದುಕಿಡೀ ಬೆನ್ನು ಬಿಡದು ಎಂಬುದನ್ನು ನೆನಪಿನ ಕುರಿತ ಅಧ್ಯಯನಗಳೂ ಹೇಳುತ್ತವೆ. ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಮುಂದೆ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ. 'ನಮ್ಮ ಕಾಲದ ಹಾಡೇ ಹಾಡು' ಎಂದು ಪ್ರತಿ ತಲೆಮಾರೂ ಹೇಳುವುದು ಅದರಿಂದಲೇ. ಮಗನ ಕೋಣೆಯಿಂದ ಬರುವ ಸದ್ದು ಗದ್ದಲವೆನಿಸಿದರೆ ಅದು ಗದ್ದಲವೇ ಆಗಿರಬೇಕೆಂದಿಲ್ಲ. ಅದಕ್ಕೆ ಕಿವಿ ಇನ್ನೂ ಒಗ್ಗಿಲ್ಲದಿರಬಹುದು. ಒಂದು ಸಂಜೆ ಜೊತೆಗೆ ಕೂತು ಕೇಳಿದರೆ ನಷ್ಟವಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಈಗ ಹಾಡು ಕೊಳ್ಳಬೇಕಾಗಿಲ್ಲ, ಮೊಬೈಲಿನಲ್ಲಿ ಬೆರಳು ಒತ್ತಿದರೆ ಲಕ್ಷಗಟ್ಟಲೆ ಸಿಗುತ್ತವೆ. ಹತ್ತು ಸೆಕೆಂಡಿನಲ್ಲಿ ಹಿಡಿಸದಿದ್ದರೆ ಮುಂದಿನದು. ಸೌಕರ್ಯವೇನೋ ದೊಡ್ಡದು. ಆದರೆ ಹಿಡಿಸದ್ದರ ಜೊತೆ ನಾಲ್ಕು ದಿನ ಇದ್ದು ನೋಡುವ ಅವಕಾಶ ಅದರಲ್ಲಿ ತಪ್ಪಿಹೋಗುತ್ತದೆ. 'ಕಿಡ್ ಎ'ಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಲು ಬೇಕಾದದ್ದು ಸುಮಾರು ಐವತ್ತು ನಿಮಿಷ. ಶಾಲೆಯ ಒಂದು ಪೀರಿಯಡ್ಡಿಗಿಂತ ತುಸು ಹೆಚ್ಚು.

ರೇಡಿಯೊಹೆಡ್ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಆಲ್ಬಮ್‌ಗಳಲ್ಲಿ ಗಿಟಾರ್ ಮರಳಿ ಬಂತು. 2007ರಲ್ಲಿ 'ಇನ್ ರೇನ್‌ಬೋಸ್' ಆಲ್ಬಮ್ಮನ್ನು 'ನಿಮಗೆ ತೋಚಿದಷ್ಟು ಕೊಡಿ' ಎಂದು ಇಂಟರ್‌ನೆಟ್‌ನಲ್ಲೇ ಕೇಳುಗರ ಕೈಗಿಟ್ಟರು. ಜಾನಿ ಗ್ರೀನ್‌ವುಡ್ 2015ರಲ್ಲಿ ಜೋಧಪುರದ ಮೆಹ್ರಾನ್‌ಗಢ ಕೋಟೆಗೆ ಬಂದು ರಾಜಸ್ಥಾನದ ಕಲಾವಿದರ ಜೊತೆ 'ಜುನೂನ್' ಎಂಬ ಆಲ್ಬಮ್ ಮುದ್ರಿಸಿದರು. ಡೋಲು, ಕಹಳೆ, ಸಾರಂಗಿಗಳ ನಡುವೆ ಅವರು ತಾವು ಮೆರೆಯಲು ಹೋಗದೆ ಹಿಂದೆ ಕೂತು ನುಡಿಸಿದ್ದಾರೆ. 'ಕಿಡ್ ಎ' ದಿನಗಳಲ್ಲಿ ಕಲಿತ ಪಾಠ ಅಲ್ಲಿಯೂ ಕೆಲಸಕ್ಕೆ ಬಂದಿರಬೇಕು.

ಮೆಚ್ಚಿನವರು ಮೊದಲಿನಂತೆಯೇ ಇರಲಿ ಎಂದು ಬಯಸುವುದು ಸಹಜ. ಅವರು ಮಾತ್ರ ಬೆಳೆಯುತ್ತಲೇ ಇರುತ್ತಾರೆ. ರಾಕ್ ತಂಡವಾದರೂ ಅಷ್ಟೇ, ಕಾಲೇಜಿಗೆ ಹೋಗಿ ರಜೆಗೆ ಮನೆಗೆ ಬಂದ ಮಗಳಾದರೂ ಅಷ್ಟೇ. ಅವಳ ಮಾತಿನ ಧಾಟಿ ಬದಲಾಗಿರುತ್ತದೆ, ಇಷ್ಟಾನಿಷ್ಟ ಬದಲಾಗಿರುತ್ತದೆ. ಮೊದಲ ದಿನ ಯಾರೋ ಬೇರೆಯವಳೆನಿಸಬಹುದು. ರಜೆ ಮುಗಿಯುವ ಹೊತ್ತಿಗೆ, ಕಿವಿಗೊಟ್ಟು ಕೇಳಿದ್ದರೆ, ಹಳೆಯ ದನಿ ಎಲ್ಲಿ ಅಡಗಿ ಕೂತಿದೆ ಎಂಬುದು ಗೊತ್ತಾಗಿರುತ್ತದೆ.